ನಾಲ್ಕರ ಜಾಗದಲ್ಲಿ ಒಂಬತ್ತು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ.
ಐನೂರು ಕಾರ್ಡು, ದಪ್ಪ ಕಾಗದ, ಅಂಚಿಗೆ ತಾಮ್ರದ ಬಣ್ಣ,
ನಡುವೆ ನಾನೇ ಬರೆದ ಲೋಗೊ:
ಬೀಗದ ಕಣ್ಣಿನೊಳಗಿಂದ ಕಾಣುವ ಸಮುದ್ರ.
ಕೆಳಗೆ ಫೋನ್ ನಂಬರು. ಅದರ ತುದಿಯಲ್ಲಿ
ನಾಲ್ಕರ ಜಾಗದಲ್ಲಿ ಒಂಬತ್ತು.

ಎಡುವಿನಾಳ ಅಂಗಡಿ ನೀವು ನೋಡಿರಲಾರಿರಿ.
ವಾಲ್ಪರೈಸೊದಲ್ಲಿ, ಗುಡ್ಡಕ್ಕೆ ಹತ್ತುವ ಮೆಟ್ಟಿಲ ಸಾಲಿನಲ್ಲಿ
ಎಪ್ಪತ್ತೊಂದನೆಯದಕ್ಕೆ ಅಂಟಿಕೊಂಡ ಗೂಡು.
ಇಬ್ಬರು ಒಳಗೆ ನಿಂತರೆ ಮೂರನೆಯವರು ಬಿಸಿಲಲ್ಲಿ.
ಈ ಊರಿನ ಗಾಳಿಗೆ ಉಪ್ಪಿನ ಹಲ್ಲು,
ಬೀಗಗಳನ್ನು ಒಳಗಿನಿಂದ ಮೇಯುತ್ತದೆ.
ಅದು ತಿಂದು ಬಿಟ್ಟಿದ್ದರಲ್ಲೇ ಅವಳ ರೊಟ್ಟಿ.

"ನಿಮಗೊಂದು ಬ್ರಾಂಡ್ ಬೇಕು" ಎಂದಿದ್ದೆ.
"ಹಾಗಂದ್ರೆ?"
"ನಿಮ್ಮ ಹೆಸರು ಕೇಳಿದ ಕೂಡಲೇ ಜನಕ್ಕೆ ನೆನಪಾಗೋದು."
ಅರದಿಂದ ಕೈ ತೆಗೆಯದೆ ಹೇಳಿದಳು:
"ಸಾಲ ಕೊಡದ ಹೆಂಗಸು, ಅಂತ ನೆನಪಾಗ್ತೀನಿ.
ಹಾಕ್ತೀಯಾ ಕಾರ್ಡಿನ ಮೇಲೆ?"

ನಾನು ಸೋಲುವವನಲ್ಲ. ಬೋರ್ಡಿಗೂ ಚೀಲಕ್ಕೂ ಒಂದೇ ಬಣ್ಣ,
ಕೆಲಸ ಮುಗಿದ ಮೂರನೆಯ ದಿನ ಒಂದು ಕರೆ,
ಬಾಗಿಲು ಸಲೀಸಾಗಿ ತೆರೆಯುತ್ತಿದೆಯೇ ಎಂದು ವಿಚಾರಣೆ,
"ಗಿರಾಕಿಯನ್ನ ಆಗಾಗ ಮುಟ್ಟುತ್ತಿರಬೇಕು, ಸೆನ್ಯೋರಾ."
"ಈ ವಯಸ್ಸಲ್ಲಾ?" ಎಂದಳು.

ಕಾರ್ಡು ಹಂಚಿ ಎರಡು ವಾರ.
ಫೋನು ಸತ್ತ ಮೀನಿನ ಹಾಗೆ ಮೇಜಿನ ಮೇಲೆ.
ಗಿರಾಕಿಗಳು ಮಾತ್ರ ಬರುತ್ತಲೇ ಇದ್ದರು, ಮೊದಲಿಗಿಂತ ಹೆಚ್ಚು.
ಮೀನು ಮಾರುವ ಒಬ್ಬಾಕೆ ಏದುಸಿರು ಬಿಡುತ್ತ ಬಂದು,
"ನಿಮ್ಮ ಯಜಮಾನರು ಫೋನಿನಲ್ಲಿ ಎಂಥ ಮರ್ಯಾದಸ್ಥರು!
ಮೆಟ್ಟಿಲು ಜಾರುತ್ತೆ, ಕಂಬಿ ಹಿಡಿದು ಹತ್ತಿ ಅಂದ್ರು."
ಎಡುವಿನಾಳ ಯಜಮಾನ ತೀರಿಕೊಂಡು ಹನ್ನೊಂದು ವರ್ಷ.

ಒಂಬತ್ತರ ಆ ತುದಿಯಲ್ಲಿ ಇದ್ದವರು
ಡಾನ್ ಎರ್ಮೊಹೆನೆಸ್, ಬೇರೊಂದು ಗುಡ್ಡದವರು,
ಟ್ರಾಲಿಬಸ್ ಓಡಿಸಿ ನಿವೃತ್ತರಾದವರು.
ಮೊದಲ ದಿನ ರೇಗಿದ್ದರಂತೆ.
ಮೂರನೆಯ ದಿನ ಯಾರನ್ನೋ ಕೇಳಿ ಸರಿಯಾದ ನಂಬರನ್ನು
ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡರಂತೆ.
ಆಮೇಲೆ ಒಂದೊಂದಾಗಿ ಎಲ್ಲ ತಿಳಿಯಿತು:
ಬುಧವಾರ ರಜೆ, ಹಿತ್ತಾಳೆಯದಕ್ಕೆ ದರ ಬೇರೆ,
ಮುರಿದ ಚೂರನ್ನು ಬಿಸಾಡದೆ ತರಬೇಕು,
ಅಳುತ್ತಿರುವವರಿಗೆ ಮೊದಲು ಕೂರಲು ಹೇಳಬೇಕು.

ನಾನು ನಾಚಿ, ನನ್ನ ಖರ್ಚಿನಲ್ಲೇ
ಮತ್ತೆ ಐನೂರು ಅಚ್ಚು ಹಾಕಿಸಿದೆ. ಈ ಸಲ ನಾಲ್ಕು ನಾಲ್ಕೇ.
ಮೂರು ಸಲ ಓದಿದೆ, ಹೆಂಡತಿಯಿಂದಲೂ ಓದಿಸಿದೆ.
ಮೇಜಿನ ಮೇಲಿನ ಮೀನು ಬದುಕಿ ಒದ್ದಾಡತೊಡಗಿತು.
ಎಡುವಿನಾ ಅರ ಹಿಡಿದ ಕೈಯಲ್ಲೇ ಎತ್ತಿ "ಹಾಂ" ಎನ್ನುತ್ತಿದ್ದಳು,
"ಬನ್ನಿ" ಎನ್ನುತ್ತಿದ್ದಳು, ಇಡುತ್ತಿದ್ದಳು.

ಬೋರ್ಡಿನ ಬಾಕಿ ಕೇಳಲು ನಾನು ಹೋಗಿದ್ದ ದಿನವೇ
ಅವರು ಬಂದರು. ಕುತ್ತಿಗೆಗೆ ಟೈ,
ಎಪ್ಪತ್ತೊಂದು ಮೆಟ್ಟಿಲಿನ ಉಬ್ಬಸ,
ಕೈಯಲ್ಲಿ ಬೀಗವಿಲ್ಲ, ಕೀಲಿಯಿಲ್ಲ.
ಬಾಗಿಲ ಚೌಕಟ್ಟು ಹಿಡಿದು ನಿಂತು
"ಅಂಗಡಿ ಮುಚ್ಚಿಬಿಟ್ಟಿರೇನೋ ಅಂದುಕೊಂಡೆ" ಎಂದರು.
"ಮೂರು ವಾರ ಆಯ್ತು, ಯಾರೂ ಕೇಳ್ತಾ ಇಲ್ಲ."

ಆ ಗೂಡಿನಲ್ಲಿದ್ದದ್ದು ಒಂದೇ ಸ್ಟೂಲು.
ಅವಳು ಎದ್ದಳು.
ಲೋಹದ ಪುಡಿಯನ್ನು ಸೆರಗಿನಂಥ ಏಪ್ರನ್ನಿನಿಂದ ಒರೆಸಿ
ಅವರ ಕಡೆಗೆ ಸರಿಸಿದಳು. ನನ್ನನ್ನು ಕೇಳಿದಳು:
"ಆ ಒಂಬತ್ತಿನ ಕಾರ್ಡು ಎಷ್ಟು ಉಳಿದಿದೆ?"
"ನಾನೂರ ಮೂವತ್ತು. ನಾಳೆ ರದ್ದಿಗೆ ಹಾಕ್ತೀನಿ."
"ತಗೊಂಡು ಬಾ."

ಬಿಲ್ಲು ಓದಿದಳು, ಅರ್ಧ ಎಣಿಸಿ ಕೊಟ್ಟಳು.
"ಉಳಿದದ್ದು?"
"ಅವರ ಸಂಬಳ. ತಪ್ಪು ನಿಂದಲ್ವಾ?"
ಡಾನ್ ಎರ್ಮೊಹೆನೆಸ್ ಏನೂ ಕೇಳಿಸದವರಂತೆ
ಗೋಡೆಯ ಮೇಲಿನ ಕೀಲಿಗಳನ್ನು ನೋಡುತ್ತಿದ್ದರು,
ಫೋನಿನಲ್ಲಿ ತಾವು ಇಷ್ಟು ದಿನ ವಿವರಿಸಿದ ಒಂದೊಂದನ್ನೂ
ಈಗಷ್ಟೇ ಗುರುತು ಹಿಡಿಯುತ್ತ.