ಭಾನುವಾರದ ಲೆಕ್ಕ

ಧರಣಿಯ ಹಲಗೆಯ ಮೇಲೆ ದಿನದ ಸಂಖ್ಯೆ ಬರೆಯುವುದು ನನ್ನ ಕೆಲಸ.
ಯಾರೂ ವಹಿಸಿದ್ದಲ್ಲ. ಮೊದಲ ದಿನ
ಸೀಮೆಸುಣ್ಣ ನನ್ನ ಚೀಲದಲ್ಲಿತ್ತು, ಅಷ್ಟೇ.

ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿ.
ಎಂಥ ಅತಿಥಿ ನೋಡಿ:
ಮಾರ್ಚಿಗೆ ಹೊರಡು ಅನ್ನುತ್ತಾರೆ,
ಆಗಸ್ಟಿನಲ್ಲಿ ಕರೆದರೂ ಕರೆದಾರು.
ತತ್ತ್ವಶಾಸ್ತ್ರದ ಮೂರನೇ ಯೂನಿಟ್ಟು,
ಈ ಲೋಕಕ್ಕೆ ನಾವು ಹೇಳದೆ ಕೇಳದೆ ಬಂದು ಬಿದ್ದವರು
ಎಂದು ಪಾಠ ಮಾಡುವಾಗ
ನನಗೆ ನೋಟ್ಸು ಬೇಕಾಗುತ್ತಿರಲಿಲ್ಲ.

ಡಿಸಿ ಕಚೇರಿ ಎದುರಿನ ಹೊಂಗೆಯ ನೆರಳು
ಹನ್ನೊಂದಕ್ಕೆ ನಮ್ಮ ಕಡೆ, ಎರಡಕ್ಕೆ ಪೊಲೀಸರ ಕಡೆ.
ಮನವಿ ಇಸ್ಕೊಂಡ ಅಧಿಕಾರಿ ಅಂದರು:
"ನನ್ನ ಕೈಲಿ ಏನಿದೆ ಮೇಡಂ?"
ನೋಡಿದೆ. ಪೆನ್ನಿತ್ತು.

ಮೊನ್ನೆ ಭಾನುವಾರ ಯಾರೂ ಬರಲಿಲ್ಲ.
ಫಿಲೋಮಿನಾಗೆ ಚರ್ಚು, ದುಗ್ಗಪ್ಪನಿಗೆ ಸೊರಬದಲ್ಲಿ ನಾಮಕರಣ,
ಹಾಲೇಶನಿಗೆ (ಅವನು ಹೇಳಿರಲಿಲ್ಲ)
ಯಾವುದೋ ಟ್ಯುಟೋರಿಯಲ್ಲಿನಲ್ಲಿ ಇಂಟರ್‌ವ್ಯೂ.
ಗೇಟಿಗೆ ಬೀಗ. ಕಾಯುವ ಪೇದೆಯೂ ಇಲ್ಲ.
ಒಬ್ಬಳೇ ಕೂತೆ, ಹತ್ತರಿಂದ ಐದರವರೆಗೆ.
ಯಾರಿಗೆ ಧಿಕ್ಕಾರ ಅನ್ನಲಿ?
ಒಮ್ಮೆ ಮೆಲ್ಲಗೆ ಅಂದು ನೋಡಿದೆ.
ಗೋಪಿ ಸರ್ಕಲ್ ಕಡೆಯಿಂದ ಬಂದ ಸಿಟಿ ಬಸ್ಸು
ಖಾಲಿ ನಿಂತು, ಖಾಲಿ ಹೋಯಿತು.
ಮಧ್ಯಾಹ್ನ ತೂಕಡಿಕೆಯೂ ಬಂತು, ಸುಳ್ಳು ಯಾಕೆ.

ಸೋಮವಾರ ತಕರಾರು ಶುರು:
ಇವತ್ತು ಇಪ್ಪತ್ತೊಂಬತ್ತೋ, ಮೂವತ್ತೋ?
"ನೋಡೋರೇ ಇಲ್ಲದ್ದು ಎಂಥ ಧರಣಿ?" ಹಾಲೇಶ.
"ದೇವರು ನೋಡಿರ್ತಾನೆ," ಫಿಲೋಮಿನಾ.
"ನಿಮ್ಮ ಫಿಲಾಸಫಿ ಎಂತ ಹೇಳುತ್ತೆ ಮೇಡಂ?"
ಮಂಡಕ್ಕಿ ಪೊಟ್ಟಣ ಚಾಚುತ್ತ ದುಗ್ಗಪ್ಪ.

ಏನು ಹೇಳಲಿ.
ಗೆಲ್ಲುತ್ತೀರಿ ಅಂತ ಅದು ಹೇಳುವುದಿಲ್ಲ.
ಶಾಮಿಯಾನದ ಬಾಡಿಗೆ ಕಟ್ಟುವುದಿಲ್ಲ.
ಎದ್ದು ಹೋಗುವವರ ಸೆರಗು ಹಿಡಿದು ಕೂರಿಸುವುದಿಲ್ಲ.
ಹೋದವರು "ಹೋಗಬೇಕಾಗಿ ಬಂತು" ಅಂದಾಗ ಮಾತ್ರ
ಹುಬ್ಬೇರಿಸುತ್ತದೆ:
ಹೋದೆ ಅನ್ನು, ಸಾಕು.
ಕೂತವರನ್ನೂ ಬಿಡುವುದಿಲ್ಲ ಅದು.
ಬೇರೆ ದಾರಿಯಿರಲಿಲ್ಲ ಅಂದೆಯಾ?
ಇತ್ತು. ಬಸ್ಸೂ ಖಾಲಿ ಇತ್ತು.

ಇದನ್ನೆಲ್ಲ ಹೇಳಲಿಲ್ಲ. ಮಂಡಕ್ಕಿ ತಿಂದೆ.
ಹಾಲೇಶ ನನ್ನ ಮುಖ ನೋಡಲಿಲ್ಲ.
ಆಯ್ಕೆ ಆಯಿತಾ ಎಂದು ನಾನೂ ಕೇಳಲಿಲ್ಲ.

ಒದ್ದೆ ಬಟ್ಟೆಯಲ್ಲಿ ಇಪ್ಪತ್ತೆಂಟನ್ನು ಒರೆಸಿದೆ.
ಹಲಗೆ ಆರುವ ಆ ಅರ್ಧ ನಿಮಿಷ
ಅಲ್ಲಿ ಯಾವ ದಿನವೂ ಇರಲಿಲ್ಲ.
ದೇವರು, ಜಿಲ್ಲಾಡಳಿತ, ಮೂರನೇ ಯೂನಿಟ್ಟು,
ಯಾರೂ ಬಂದು ಕೈ ಹಿಡಿದು ತಿದ್ದಿಸಲಿಲ್ಲ.

ಮೂವತ್ತು ಅಂತ ಬರೆದೆ.
ಸೊನ್ನೆ ಸ್ವಲ್ಪ ದೊಡ್ಡದಾಯಿತು.
ಸೀಮೆಸುಣ್ಣ ಉಗುರಿನಷ್ಟೇ ಉಳಿದಿದೆ,
ನಾಳೆ ಬರುವವರು ಒಂದು ತನ್ನಿ, ಅಂದೆ.