ಎಣಿಕೆ ತಪ್ಪು

ಹಡಗು ಕಟ್ಟುವ ಹಗ್ಗ ನನ್ನ ಮಣಿಕಟ್ಟಿನಷ್ಟು ದಪ್ಪ.
ಇಪ್ಪತ್ತು ವರ್ಷ ಅದನ್ನೇ ಎಸೆದು, ಎಳೆದು
ಅಂಗೈ ಈಗ ಹಳೆಯ ಬೂಟಿನ ಅಡಿ.
ಈ ಕೈಗೆ ಕೊಟ್ಟಿದ್ದಾರೆ
ಕೂದಲೆಳೆಯಂಥ ಸೂಜಿ.

ರಾತ್ರಿ ಒಂಬತ್ತಕ್ಕೆ, ವೀಬೆ ಮಲಗಿದ ಮೇಲೆ,
ಫ್ರಿಜ್ಜಿನಲ್ಲಿ ಹೆರಿಂಗ್ ಮೀನಿನ ಬಾಟಲಿಯ ಹಿಂದಿನಿಂದ
ಔಷಧದ ಪೆನ್ನು ತೆಗೆಯುತ್ತೇನೆ.
ಸಿಸೆಲ್ ಅಂಗಿ ಎತ್ತಿ, ಗೋಡೆಯ ಕ್ಯಾಲೆಂಡರು ನೋಡುತ್ತ
"ಎಡಗಡೆ. ನಿನ್ನೆ ಬಲಗಡೆ ಆಯ್ತು" ಅನ್ನುತ್ತಾಳೆ.
ಹೊಕ್ಕುಳಿನಿಂದ ಎರಡು ಬೆರಳು ಆಚೆ
ಚರ್ಮ ಚಿವುಟಿ ಹಿಡಿದು, ಚುಚ್ಚಿ,
ಹತ್ತರವರೆಗೆ ಎಣಿಸಿ ತೆಗೆಯುತ್ತೇನೆ.
ಮೊದಲನೆಯವಳು ಬಂದಾಗ ಇದೇನೂ ಇರಲಿಲ್ಲ.
ಒಂದು ಜೂನ್ ತಿಂಗಳು, ಕತ್ತಲಾಗಲೊಲ್ಲದ ರಾತ್ರಿ, ಅಷ್ಟೇ.

ವೀಬೆ ಎಂದರೆ ನಮ್ಮ ಡೇನಿಷಿನಲ್ಲಿ ಟಿಟ್ಟಿಭ.
ಬಟ್ಟಬಯಲ ನೆಲದಲ್ಲೇ ಮೊಟ್ಟೆಯಿಟ್ಟು
ಹತ್ತಿರ ಬಂದವರ ತಲೆಯ ಮೇಲೆ ಕೂಗಿ ಕೂಗಿ ಎರಗುವ ಹಕ್ಕಿ.
ಹೆಸರಿಡುವಾಗ ಇದನ್ನೆಲ್ಲ ಯಾರು ಯೋಚಿಸಿದ್ದರು?
ಅವಳಿಗೆ ಆರು ವರ್ಷ. ಎರಡು ಹಲ್ಲು ಬಿದ್ದಿವೆ.
ಕಾಲಿಗೆ ಚಿಕ್ಕದಾದ ಮಳೆಬೂಟುಗಳು,
ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತೇಳು,
ಮೆಟ್ಟಿಲ ಕೆಳಗೆ ಸಾಲಾಗಿ ನಿಂತಿವೆ.
ಒಂದನ್ನೂ ಕೊಟ್ಟುಬಿಡಲು ಮನಸ್ಸಿಲ್ಲ.

"ಒಂದಿದೆಯಲ್ಲ" ಅನ್ನುತ್ತಾರೆ ಜನ.
ಬೇಕರಿಯ ಓಸೆ ಅಂದಳು, ರೊಟ್ಟಿ ಕಾಗದದಲ್ಲಿ ಸುತ್ತುತ್ತ.
ನನ್ನಮ್ಮ ಅಂದಳು. ನಾನೂ ಅಂದುಕೊಂಡೆ, ನಾಚಿ:
ತುಂಬಿದ ತಟ್ಟೆಯ ಮುಂದೆ ಕೂತು ಹಸಿವು ಅನ್ನಬಹುದೇ?
ಒಡೆನ್ಸೆಯ ಆಸ್ಪತ್ರೆಯಲ್ಲಿ, ಕಾಯುವ ಕೋಣೆಯಲ್ಲಿ,
ಒಂದೂ ಇಲ್ಲದವರ ಎದುರು
ವೀಬೆಯ ಚಿತ್ರವಿದ್ದ ಫೋನು ಮಗುಚಿ ತೊಡೆಯ ಮೇಲಿಟ್ಟಳು ಸಿಸೆಲ್.
ಆಮೇಲೆ ದಾರಿಯುದ್ದಕ್ಕೂ ಅತ್ತಳು, ಆ ಮಗುಚಿದ್ದಕ್ಕೆ.

ಹನ್ನೊಂದು ಅಂದರು ಮೊದಲ ದಿನ.
ಮರುದಿನ ಫೋನಿನಲ್ಲಿ, ಏಳು.
ಐದನೆಯ ದಿನ ಮೂರು:
ಎರಡು ಹಿಮದ ಉಗ್ರಾಣಕ್ಕೆ, ಒಂದು ಇವಳಿಗೆ.
ತೆರೆಯ ಮೇಲೆ ಬಿಳಿ ಚುಕ್ಕೆ,
ಮಂಜಿನಾಚೆ ದೀಪಸ್ತಂಭ ಒಮ್ಮೆ ಮಿನುಗಿದಂತೆ.
"ಕಂಡಿರಾ?" ಎಂದಳು ನರ್ಸು.
ಕಂಡೆ ಅಂದೆ. ಕಂಡಿದ್ದೆನೋ ಇಲ್ಲವೋ.

ಅವತ್ತು ಸಂಜೆಯ ಪಾಳಿ ನನ್ನದೇ.
ಸ್ವೆನ್‌ಬೋರಿನ ಧಕ್ಕೆಯಲ್ಲಿ ಕಿತ್ತಳೆ ಜಾಕೆಟ್ಟು ತೊಟ್ಟು
ಹತ್ತುವವರಿಗೆಲ್ಲ ಒಂದೊಂದು ಟಿಕ್, ಕೈಯ ಎಣಿಕೆಯಂತ್ರದಲ್ಲಿ.
ಸೈಕಲ್ಲಿನ ಜರ್ಮನರು ನಾಲ್ವರು. ಪಶುವೈದ್ಯ.
ಪಿಯಾನೋ ಶ್ರುತಿ ಮಾಡುವ ಮುದುಕ.
ಕಾರಿನ ಕಿಟಕಿ ಇಳಿಸಿದಳು ಸಿಸೆಲ್, ಟಿಕ್.
ಹಿಂದಿನ ಸೀಟಿನಲ್ಲಿ ನಿದ್ದೆಹೋದ ವೀಬೆ, ಟಿಕ್.
ಹೆಬ್ಬೆರಳು ಮತ್ತೊಮ್ಮೆ ಒತ್ತಿತು.
ನಾನಲ್ಲ, ಹೆಬ್ಬೆರಳು.

ಎಪ್ಪತ್ತು ನಿಮಿಷದ ದಾರಿ.
ಹತ್ತಿದವರು ಅರವತ್ತಮೂರು.
ದ್ವೀಪದಲ್ಲಿ ಇಳಿದವರು ಅರವತ್ತೆರಡು.
ಕ್ಯಾಪ್ಟನ್ ಬಿಳಿಚಿಕೊಂಡ.
ಮೇಲಿನ ಡೆಕ್ಕಿಗೆ ಒಬ್ಬ, ಕಕ್ಕಸುಗಳಿಗೆ ಒಬ್ಬ,
ಖಾಲಿಯಾದ ಕಾರಂಗಳಕ್ಕೆ ನಾನು, ಟಾರ್ಚು ಹಿಡಿದು.
ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.
ಏಣಿಯ ಕೆಳಗೆ ಬಗ್ಗಿ ನೋಡಿದೆ.
ಲೈಫ್‌ಜಾಕೆಟ್ಟಿನ ಪೆಟ್ಟಿಗೆ ತೆರೆದೆ, ಮಕ್ಕಳ ಅಳತೆಯವು,
ಒಂದೊಂದನ್ನೂ ಎತ್ತಿ ಅಡಿಯಲ್ಲಿ ನೋಡಿದೆ.
"ಯಾರಿದ್ದೀರಿ?" ಎಂದು ಕೂಗಿದೆ.
ಕೂಗಲು ಹೆಸರಿರಲಿಲ್ಲ.

ಧಕ್ಕೆಯ ಮೇಲೆ ಕಾರು ನಿಲ್ಲಿಸಿ
ಸಿಸೆಲ್ ನನ್ನನ್ನೇ ನೋಡುತ್ತಿದ್ದಳು,
ಎರಡೂ ಕೈ ಸ್ಟಿಯರಿಂಗಿನ ಮೇಲೆ. ತಿಳಿದಿತ್ತು ಅವಳಿಗೆ.

ಕಡೆಗೆ ದಾಖಲೆ ಪುಸ್ತಕದಲ್ಲಿ ಬರೆದೆ: ಎಣಿಕೆ ತಪ್ಪು.
ಕೆಳಗೆ ಸಹಿ, ಟ್ರೋಲ್ಸ್. ಗಂಟೆ, ನಿಮಿಷ.

ಒಂಬತ್ತನೆಯ ದಿನ ಬೆಳಿಗ್ಗೆ
ಬಚ್ಚಲಿನಿಂದ ಅವಳು ನನ್ನನ್ನು ಕರೆದ ರೀತಿಯಲ್ಲೇ ಗೊತ್ತಾಯಿತು.
ವೀಬೆಗೆ ಶಾಲೆಯ ಡಬ್ಬಿ ಕಟ್ಟಿದೆ.
ಜಡೆ ಹಾಕಿದೆ, ಸೊಟ್ಟ.
ಏಳು ಹತ್ತರ ಹಡಗಿಗೆ ಹೋಗಿ ನಿಂತೆ.
ಹತ್ತಿದವರು ಹತ್ತೊಂಬತ್ತು, ಇಳಿದವರು ಹತ್ತೊಂಬತ್ತು.
ಯಾರೂ ಟಾರ್ಚು ತರಲಿಲ್ಲ.