ಬದಲಿ ಡ್ರೈವರ್ ಮಲ್‌ಸೂನ್

ಮೊದಲು ಸೀಟು ಮುಂದಕ್ಕೆ.
ಜರ್ಮನಿಯ ಕಾರಾಗಲಿ, ಇಲ್ಲಿಯದೇ ಆಗಲಿ,
ಮಲ್‌ಸೂನಳ ಕಾಲು ಎಟುಕುವುದಿಲ್ಲ.
ಆಮೇಲೆ ಕನ್ನಡಿ, ಒಂದು ಬೆರಳಷ್ಟು ಕೆಳಕ್ಕೆ.
ಟೈ ಸಡಿಲಿಸಿ ಹಿಂದೆ ಬಿದ್ದುಕೊಂಡವನಿಗೆ
"ಬೆಲ್ಟ್ ಹಾಕ್ಕೊಳಿ ಸಾರ್" ಅಂದರೆ
ಅವನು ಬೆಲ್ಟಿಗೇ ಕ್ಷಮೆ ಕೇಳುತ್ತಾನೆ.

ಸಿಯೋಲ್ ನಗರದಲ್ಲಿ ರಾತ್ರಿ ಹನ್ನೊಂದು ದಾಟಿದರೆ
ಕುಡಿದವರಿಗೆಲ್ಲ ಒಂದೇ ಸಲ ಮನೆ ನೆನಪಾಗುತ್ತದೆ.
ಹಂದಿಮಾಂಸ ಸುಡುವ ಹೊಗೆ ನಿಯಾನ್ ದೀಪಕ್ಕೆ ಹತ್ತಿ
ಇಡೀ ಬೀದಿಗೆ ಗುಲಾಬಿ ಬಣ್ಣದ ಹಸಿವು.
ಎಟಿಎಂ ಕೋಣೆಯ ಬಿಸುಪಿಗೆ ಒತ್ತಿಕೊಂಡು
ಅವಳಂಥವರು ಮೂವತ್ತು ಮಂದಿ, ಎರಡೆರಡು ಫೋನು.
ಟಿಂಗ್ ಅಂದಾಗ ಮೊದಲು ಬೆರಳಿಟ್ಟವರಿಗೆ ಬಾಡಿಗೆ,
ಕಣ್ಣು ಮಿಟುಕಿಸಿದವರಿಗೆ ಚಳಿ.

ಐದನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು.
ಮಲ್ ಅಂದರೆ ಕೊನೆ. ಇನ್ನು ಸಾಕು ಅಂತ.
ನಮ್ಮಲ್ಲೂ ಇದ್ದಾರಲ್ಲ ಸಾಕಮ್ಮಂದಿರು,
ಒಬ್ಬೊಬ್ಬರಿಗೂ ಒಬ್ಬೊಬ್ಬ ತಂಗಿ.

ಸೇತುವೆ ಮೇಲೆ ಹಿಂದಿನಿಂದ ದನಿ:
"ಆಂಟಿ, ಈ ಕಾರು ನನ್ನ ಕೈಲಿ
ಯಾವತ್ತೂ ಇಷ್ಟು ಮೆತ್ತಗೆ ಓಡಿಲ್ಲ."
ಸ್ವಲ್ಪ ಹೊತ್ತು ಬಿಟ್ಟು:
"ಇವತ್ತು ನನ್ನ ಟೀಮಿನ ಏಳು ಜನರನ್ನ ಕೆಲಸದಿಂದ ತೆಗೆದೆ.
ಅವರೇ ನನಗೆ ಕುಡಿಸಿದರು. ಬಿಲ್ಲೂ ಅವರೇ ಕೊಟ್ಟರು."
ಆಮೇಲೆ ಏನೂ ಇಲ್ಲ. ವೈಪರಿಗೆ ಸಿಕ್ಕ ಜಾಹೀರಾತು ಚೀಟಿ
ಪಟಪಟ, ಪಟಪಟ.
ಅವಳು ಸುಮ್ಮನಿದ್ದಳು; ಬಾಡಿಗೆಯಲ್ಲಿ ಉತ್ತರ ಸೇರಿಲ್ಲ.
ಕೆಳಗೆ ಹಾನ್ ನದಿ, ಎಣ್ಣೆ ಕಾಯ್ದ ಬಾಣಲೆ.

ನಮ್‌ಯಾಂಗ್‌ಜು. ನೆಲಮಾಳಿಗೆ ಮೂರು, ಕಂಬ ಎಪ್ಪತ್ತೆರಡು.
ಸೀಟು ಹಿಂದಕ್ಕೆ, ಕನ್ನಡಿ ಮೇಲಕ್ಕೆ,
ಒಬ್ಬ ಗಂಡಸಿನ ಅಳತೆಗೆ ಎಲ್ಲವನ್ನೂ ಮತ್ತೆ ಜೋಡಿಸಿಟ್ಟು
ಲಿಫ್ಟಿನಲ್ಲಿ ಹದಿನೇಳು ಒತ್ತಿದಳು.
ಬಾಗಿಲು ಮುಚ್ಚುವವರೆಗೂ ಅವನು ಬಗ್ಗಿ ಬಗ್ಗಿ
ನಮಸ್ಕರಿಸುತ್ತಲೇ ಇದ್ದ, ಒಳಗಿನ ಕನ್ನಡಿಯ ಕಡೆಗೆ.

ಹೊರಗೆ ಮೂರು ಗಂಟೆ. ಬರೀ ಅಪಾರ್ಟ್‌ಮೆಂಟು, ಬರೀ ನಂಬರು.
ವಾಪಸು ಒಯ್ಯುವ ವ್ಯಾನು ಹೋಗಿಯಾಗಿದೆ.
ಎರಡು ಕಿಲೋಮೀಟರು ನಡೆದರೆ ಒಂದು ಅಂಗಡಿ,
ಮೂರು ಮೂಲೆಯ ಅನ್ನದುಂಡೆ, ಒಳಗೆ ಮೀನು,
ಒಂದು ಕೊಂಡರೆ ಇನ್ನೊಂದು ಪುಕ್ಕಟೆ.
ಎರಡನ್ನೂ ನಿಂತೇ ತಿಂದಳು.

ನಾಲ್ಕರ ಮೊದಲ ಬಸ್ಸು ತುಂಬಿಕೊಂಡೇ ಬಂತು:
ಗಾಂಗ್ನಮ್ಮಿನ ಆಫೀಸುಗಳ ನೆಲ ಒರೆಸಲು ಹೊರಟ ಹೆಂಗಸರು,
ಯಾವ ಸೀಟು ಯಾರದು ಅನ್ನೋದು ಅವರಿಗೆ ಬಾಯಿಪಾಠ.
ಒಬ್ಬಳು ಚೀಲವನ್ನು ತೊಡೆಗೇರಿಸಿ ಜಾಗ ಕೊಟ್ಟಳು.
ಈಗ ಬೇರೆ ಯಾರೋ ಓಡಿಸುತ್ತಿದ್ದಾರೆ. ಕಣ್ಣು ಮುಚ್ಚಬಹುದು.

ಬೆಚ್ಚಗಾಗಲೆಂದು ಜೇಬಿಗೆ ಕೈ ಹಾಕಿದರೆ,
ಅಯ್ಯೋ, ಅವನ ಕೀಲಿ.

ಫೋನು ಮಾಡಿದಳು. ಹದಿನೇಳನೆಯ ಮಹಡಿ ಎತ್ತಲಿಲ್ಲ.
ಸುಮ್ಮನೆ ಒಮ್ಮೆ ಗುಂಡಿ ಒತ್ತಿದಳು, ಬಸ್ಸಿನೊಳಗೇ.
ಏನೂ ಹೊಳೆಯಲಿಲ್ಲ.
ಪಕ್ಕದವಳು ಬಗ್ಗಿ ನೋಡಿ, "ನಿಂದಾ?"
"ಮುಂದಿನ ಸ್ಟಾಪಲ್ಲಿ ಇಳೀಬೇಕು" ಅಂದಳು ಮಲ್‌ಸೂನ್,
ಏಳಲಿಲ್ಲ.